ಕೊಳವೆಯೊಳಗೆ ಕಡಿದಾಗುವ ಅಲೆ

ಎಂ. ಎಲ್. ಮುಂಜಾಲ್ ಅವರ ‘ಅಕೌಸ್ಟಿಕ್ಸ್ ಆಫ್ ಡಕ್ಟ್ಸ್ ಅಂಡ್ ಮಫ್ಲರ್ಸ್’ 1987ರಲ್ಲಿ ವೈಲಿ ಪ್ರಕಾಶನದಿಂದ ಹೊರಬಂತು. 2014ರಲ್ಲಿ ಎರಡನೇ ಆವೃತ್ತಿಯೂ ಬಂತು. ಬರೆದವರು ಯಶವಂತಪುರದ ಪಕ್ಕದಲ್ಲೇ ಇರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದವರು. ಬೆಂಗಳೂರಿನ ನಮ್ಮ ಸಿಂಗಾಪುರ ಬಡಾವಣೆಯ ರಸ್ತೆಯಲ್ಲಿ ಸೈಲೆನ್ಸರ್ ಬದಲಿಸಿದ ಬುಲೆಟ್ ಹಾದುಹೋದರೆ ಮಲಗಿದ ಕೂಸು ಬೆಚ್ಚಿ ಏಳುತ್ತದೆ. ಆ ಸದ್ದನ್ನು ಅರ್ಥಮಾಡಿಕೊಳ್ಳಲು ಇದಕ್ಕಿಂತ ಗಟ್ಟಿಯಾದ ಪುಸ್ತಕ ನಾನು ಓದಿಲ್ಲ. ತಕರಾರು ಇಲ್ಲವೆಂದಲ್ಲ.

ಪುಸ್ತಕದ ದೊಡ್ಡ ಬಲ ಮ್ಯಾಟ್ರಿಕ್ಸ್ ವಿಧಾನ. ಸೈಲೆನ್ಸರಿನ ಪ್ರತಿ ತುಂಡಿಗೂ, ಅದು ಪೈಪಾಗಲಿ, ಅಗಲವಾದ ಡಬ್ಬಿಯಾಗಲಿ, ತೂತಿನ ಕೊಳವೆಯಾಗಲಿ, ಒಂದೊಂದು ಮ್ಯಾಟ್ರಿಕ್ಸ್. ಸಾಲಾಗಿ ಗುಣಿಸುತ್ತ ಹೋದರೆ ಯಾವ ಕಂಪನಾಂಕದ ಸದ್ದು ಎಷ್ಟು ಅಡಗುತ್ತದೆ ಎಂಬುದು ಕೈಗೆ ಸಿಗುತ್ತದೆ. ಎಂಜಿನಿಯರಿಗೆ ಇದು ವರದಾನವೇ. ಆದರೆ ಈ ಲೆಕ್ಕದ ಬುನಾದಿಯಲ್ಲೊಂದು ಷರತ್ತಿದೆ: ಅಲೆ ಚಿಕ್ಕದಿರಬೇಕು, ಒಂದು ಅಲೆ ಇನ್ನೊಂದರ ತಂಟೆಗೆ ಹೋಗಬಾರದು.

ಎಕ್ಸಾಸ್ಟ್ ವಾಲ್ವ್ ತೆರೆದ ಕ್ಷಣ ನುಗ್ಗುವ ಒತ್ತಡ ಚಿಕ್ಕದಲ್ಲ. ಸಾಮಾನ್ಯ ಉಷ್ಣಾಂಶದ ಗಾಳಿಯಲ್ಲಿ ಒತ್ತಡ ಶೇ 6ರಷ್ಟು ಏರಿದರೂ ಅಲೆಯ ನೆತ್ತಿ ಸೆಕೆಂಡಿಗೆ ಸುಮಾರು 18 ಮೀಟರ್ ಹೆಚ್ಚು ವೇಗದಲ್ಲಿ ಓಡುತ್ತದೆ. ಅಲ್ಲಿ ಗಾಳಿ ಬಿಸಿಯಾಗಿರುತ್ತದೆ, ತಾನೇ ಮುಂದಕ್ಕೆ ಚಲಿಸುತ್ತಲೂ ಇರುತ್ತದೆ. ನೆತ್ತಿ ಮುಂದಿನ ತಗ್ಗನ್ನು ಹಿಂದಿಕ್ಕಲು ಹೋಗಿ ಅಲೆಯ ಮುಖ ಕಡಿದಾಗುತ್ತದೆ. ಎರಡು ಕಂಪನಾಂಕಗಳು ಕೂಡಿದರೆ ಅವುಗಳ ಮೊತ್ತದ್ದೂ ವ್ಯತ್ಯಾಸದ್ದೂ ಹೊಸ ಸ್ವರಗಳು ಹುಟ್ಟುತ್ತವೆ. ಬಯಲಿನಲ್ಲಾದರೆ ಅಲೆ ಹರಡಿ ಸೊರಗೀತು. ಕೊಳವೆಯ ಗೋಡೆ ಹರಡಲು ಬಿಡುವುದಿಲ್ಲ. ಸಮತಲ ಅಲೆಗಳೆಲ್ಲ ಅಲ್ಲಿ ಒಂದೇ ವೇಗದಲ್ಲಿ ಜೊತೆಗೂಡಿ ಸಾಗುವುದರಿಂದ, ಮೂಲ ಸ್ವರದ ಶಕ್ತಿ ಮೇಲಿನ ಸ್ವರಗಳಿಗೆ ಸೋರುತ್ತಲೇ ಹೋಗುತ್ತದೆ. ಟ್ರಾಂಬೋನನ್ನು ಜೋರಾಗಿ ಊದಿದಾಗ ಬರುವ ಲೋಹದಂಥ ಕರ್ಕಶತೆಗೂ ಇದೇ ಮೂಲ ಎಂದು ಹಿರ್ಶ್‌ಬರ್ಗ್ ಮತ್ತು ಸಂಗಡಿಗರು 1996ರಲ್ಲಿ ತೋರಿಸಿಕೊಟ್ಟರು.

ಮುಂಜಾಲ್ ಇದನ್ನು ಕಡೆಗಣಿಸಿದವರಲ್ಲ. 1987ರ ಆವೃತ್ತಿಯಲ್ಲೇ ಅಲೆಯನ್ನು ಕ್ಷಣಕ್ಷಣಕ್ಕೂ ಹಿಂಬಾಲಿಸುವ ಅಧ್ಯಾಯವೊಂದಿದೆ. ಆದರೆ ಪುಸ್ತಕದ ಮೈತುಂಬ ಹಬ್ಬಿರುವುದು ಚಿಕ್ಕ ಅಲೆಗಷ್ಟೇ ಒಗ್ಗುವ ರೇಖೀಯ ಲೆಕ್ಕವೇ. ವಿದ್ಯಾರ್ಥಿ ಸುಲಭದ ದಾರಿ ಹಿಡಿದು ಆ ಅಧ್ಯಾಯವನ್ನು ದಾಟಿಬಿಡುತ್ತಾನೆ. ನನ್ನ ದೂರು ಇಷ್ಟೇ. ಸತ್ಯನಾರಾಯಣ ಅವರೊಡನೆ 2000ದಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಮುಂಜಾಲ್ ಎರಡನ್ನೂ ಬೆಸೆದರು: ಎಂಜಿನ್ ಬದಿಗೆ ಅರೇಖೀಯ ಲೆಕ್ಕ, ಸೈಲೆನ್ಸರ್ ಬದಿಗೆ ಮ್ಯಾಟ್ರಿಕ್ಸ್. ನನಗೆ ಇದೇ ಸರಿಯಾದ ದಾರಿಯಾಗಿ ಕಾಣುತ್ತದೆ. ಡಬ್ಬಿ ಅಗಲವಾದಲ್ಲಿ ಅಲೆಯ ಸೊಕ್ಕು ಮುರಿದಿರುತ್ತದೆ, ಚಿಕ್ಕ ಅಲೆಯ ಷರತ್ತು ಅಲ್ಲಿ ತಕ್ಕಮಟ್ಟಿಗೆ ಒಪ್ಪುತ್ತದೆ.

ಗ್ಯಾರೇಜಿನಲ್ಲಿ ಒಳಗಿನ ತಗಡನ್ನೂ ತೂತಿನ ಕೊಳವೆಯನ್ನೂ ಕಿತ್ತುಹಾಕಿದಾಗ ಹೋಗುವುದು ಆ ಷರತ್ತೇ. 175 ಸಿಸಿ ಮೀರಿದ ಬೈಕಿಗೆ ಕಾನೂನು ಇಟ್ಟಿರುವ ಮಿತಿ 80 ಡೆಸಿಬೆಲ್. ತಯಾರಕ ಆ ಮಿತಿಗೆಂದು ಕೂಡಿಸಿದ ಲೆಕ್ಕ ಖಾಲಿ ಕೊಳವೆಗೆ ಅನ್ವಯಿಸುವುದಿಲ್ಲ. ಯಲಹಂಕದ ಸುತ್ತಲಿನ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಈ ಪುಸ್ತಕ ಪಾಠವಾಗುವುದಾದರೆ, ಮ್ಯಾಟ್ರಿಕ್ಸಿಗೆ ಮೊದಲೇ ಆ ಒಂದು ಅಧ್ಯಾಯವನ್ನು ಕೈಗೆತ್ತಿಕೊಳ್ಳಬೇಕು.