ಗುಮಾಸ್ತೆಯೂ ಗೋಮಸ್ತಾನೂ

ಭಾಷಾಂತರದ ಮಾತು ಬಂದಾಗಲೆಲ್ಲ ನಮ್ಮ ವಿಮರ್ಶಕರು ಕಾವ್ಯದ ಕಡೆಗೆ ತಿರುಗುತ್ತಾರೆ. ಛಂದಸ್ಸು ಉಳಿಯಿತೇ, ಧ್ವನಿ ಉಳಿಯಿತೇ ಎಂದು ಕೇಳುತ್ತಾರೆ. ಕೇಳಲಿ. ಆದರೆ ಕಾದಂಬರಿಯ ಭಾಷಾಂತರಕಾರ ಸಿಕ್ಕಿಬೀಳುವುದು ಚಂದ್ರೋದಯದ ವರ್ಣನೆಯಲ್ಲಲ್ಲ. ಕಥೆಯ ಮನುಷ್ಯ ಬೆಳಗ್ಗೆ ಎದ್ದು ಹೊಟ್ಟೆಪಾಡಿಗೆ ಏನು ಮಾಡುತ್ತಾನೆಂದು ಹೇಳುವ ನಾಲ್ಕು ಸಾಮಾನ್ಯ ಶಬ್ದಗಳಲ್ಲಿ. ಚಂದ್ರನಿಗಾದರೆ ಸಂಸ್ಕೃತದ ಭಂಡಾರ ಬಂಗಾಳಿಗೂ ಕನ್ನಡಕ್ಕೂ ಸಮನಾಗಿ ತೆರೆದಿದೆ. ದುಡಿಮೆಯ ಮಾತಿಗೆ ಅಂಥ ಅನುಕೂಲವಿಲ್ಲ.

ಬಿ. ವೆಂಕಟಾಚಾರ್ಯರನ್ನು (1845–1914) ಈ ದೃಷ್ಟಿಯಿಂದ ನೋಡಬೇಕು. ಬಂಗಾಳಿಯನ್ನು ತಾವಾಗಿ ಕಲಿತು, 1885ರಲ್ಲಿ ಬಂಕಿಮಚಂದ್ರರ ‘ದುರ್ಗೇಶನಂದಿನಿ’ಯನ್ನು ಕನ್ನಡಕ್ಕೆ ತಂದರು, ಮುಂದೆ ‘ಆನಂದಮಠ’, ‘ವಿಷವೃಕ್ಷ’ಗಳೂ ಬಂದವು. ಕನ್ನಡಿಗರಿಗೆ ಕಾದಂಬರಿ ಓದುವ ಚಟ ಹಿಡಿಸಿದವರಲ್ಲಿ ಅವರು ಮೊದಲಿಗರು. ಆದರೆ ಅವರ ವೃತ್ತಿ ಸಾಹಿತ್ಯವಾಗಿರಲಿಲ್ಲ; ಮೈಸೂರು ಸಂಸ್ಥಾನದಲ್ಲಿ ಅವರು ಮುನ್ಸೀಫರಾಗಿದ್ದರು. ಅತ್ತ ಬಂಕಿಮಚಂದ್ರರೂ 1891ರವರೆಗೆ ಡೆಪ್ಯುಟಿ ಮ್ಯಾಜಿಸ್ಟ್ರೇಟರು. ಅಂದರೆ ಬರೆದವರೂ ತಂದವರೂ ಹಗಲೆಲ್ಲ ಸಾಕ್ಷಿದಾರರ ಸುಳ್ಳು ಕೇಳಿ ದಣಿದವರು! ನಮ್ಮ ಸಾಹಿತ್ಯ ಚರಿತ್ರೆಗಳು ಈ ಸಂಗತಿಯನ್ನು ಅರ್ಧ ವಾಕ್ಯದಲ್ಲಿ ಮುಗಿಸುತ್ತವೆ. ಅಲ್ಲೇ ಸ್ವಲ್ಪ ನಿಲ್ಲಬೇಕಾಗಿತ್ತು.

ಏಕೆಂದರೆ ಸಂಸ್ಕೃತದಂತೆಯೇ ಈ ಎರಡು ಭಾಷೆಗಳಿಗೂ ಇನ್ನೊಂದು ಉಗ್ರಾಣ ಸಮಾನವಾಗಿತ್ತು: ಕಚೇರಿ. ನಮ್ಮ ವಕೀಲ ಅವರ ‘ಉಕಿಲ್’. ನಮ್ಮ ಮೊಕದ್ದಮೆ ಅವರ ‘ಮೊಕದ್ದಮಾ’; ಜಾಮೀನು ‘ಜಾಮಿನ್’, ಹಾಜರು ‘ಹಾಜಿರ್’. ಬಂಕಿಮರ ಒಂದು ಕಾದಂಬರಿಯ ಕಥೆಯೆಲ್ಲ ತಿರುಗುವುದು ಕೃಷ್ಣಕಾಂತನೆಂಬ ಜಮೀನ್ದಾರನ ಉಯಿಲಿನ ಸುತ್ತ. ‘ಉಯಿಲು’ ಎಂಬ ಆ ಇಂಗ್ಲಿಷ್ ಶಬ್ದವನ್ನೂ ಎರಡು ಭಾಷೆಗಳು ಒಂದೇ ಬಗೆಯಲ್ಲಿ ತಮ್ಮದಾಗಿಸಿಕೊಂಡಿವೆ. ಇಂಥ ಕಡೆ ಭಾಷಾಂತರಕಾರನಿಗೆ ನಿಘಂಟು ಬೇಡ, ತನ್ನ ಮೇಜಿನ ಮೇಲಿನ ಕಾಗದ ಸಾಕು.

ಹಾಗೆಂದು ದಾರಿ ನಿರಾತಂಕವೇನಲ್ಲ. ಬಂಗಾಳದ ಹಳ್ಳಿಯ ‘ಗೋಮಸ್ತಾ’ ಜಮೀನ್ದಾರನ ಪರವಾಗಿ ಗೇಣಿ ವಸೂಲು ಮಾಡುವವನು. ಅವನನ್ನು ಕಂಡರೆ ರೈತ ನಡುಗುತ್ತಾನೆ. ನಮ್ಮ ಗುಮಾಸ್ತೆಯೋ, ಲೆಕ್ಕ ಬರೆಯುತ್ತ ಬೆನ್ನು ಬಗ್ಗಿಸಿಕೊಂಡು, ಯಜಮಾನನನ್ನು ಕಂಡರೆ ತಾನೇ ನಡುಗುವವನು. ಶಬ್ದ ಒಂದೇ, ಭಯದ ದಿಕ್ಕು ಬೇರೆ. ಇದನ್ನು ಬಲ್ಲವನು ಕೋಶ ಓದಿದವನಲ್ಲ, ಎರಡು ಕಡೆಯ ಬದುಕನ್ನು ಓದಿದವನು. ಇಂಗ್ಲಿಷಿನ ಮೂಲಕ ಸುತ್ತಿ ಬಂದರಂತೂ ಈ ಗೋಮಸ್ತಾ ಮೊದಲು ‘ಏಜೆಂಟ್’ ಆಗಿ, ಆಮೇಲೆ ಕನ್ನಡದಲ್ಲಿ ‘ಪ್ರತಿನಿಧಿ’ಯಾಗಿ, ಶಾಸನಸಭೆಗೆ ಆರಿಸಿ ಬಂದವನಂತೆ ಕಾಣಬಹುದು. ನೆರೆಯ ಭಾಷೆಯ ಪುಸ್ತಕಕ್ಕೂ ಇಂಗ್ಲಿಷನ್ನೇ ಕಾಯುವ ನಮ್ಮ ಇಂದಿನ ಅಭ್ಯಾಸಕ್ಕೆ ಇದು ತೆರಬೇಕಾದ ಸುಂಕ.

ವೆಂಕಟಾಚಾರ್ಯರ ಶೈಲಿಯನ್ನು ಕುರಿತು ದೂರು ಇದ್ದೇ ಇದೆ. ಸಂಸ್ಕೃತ ಸಮಾಸಗಳ ಭಾರಕ್ಕೆ ಅವರ ವಾಕ್ಯ ಎಷ್ಟೋ ಸಲ ಏದುಸಿರು ಬಿಡುತ್ತದೆ. ಕಚೇರಿಯ ಕನ್ನಡ ಅವರ ಕೈಯಲ್ಲೇ ಇತ್ತು. ಅದನ್ನು ಇನ್ನಷ್ಟು ಧಾರಾಳವಾಗಿ ಒಳಗೆ ಬಿಟ್ಟುಕೊಂಡಿದ್ದರೆ ಪುಸ್ತಕಗಳು ಇಂದಿಗೂ ಹಗುರಾಗಿ ಓದಿಸಿಕೊಳ್ಳುತ್ತಿದ್ದವು. ಮರಾಠಿಯ ಹರಿ ನಾರಾಯಣ ಆಪಟೆಯವರನ್ನು ಕನ್ನಡಕ್ಕೆ ತಂದ ಗಳಗನಾಥರು (1869–1942) ಈ ಮಟ್ಟಿಗೆ ಅದೃಷ್ಟವಂತರು. ಅವರು ಶಾಲಾ ಮಾಸ್ತರರು. ಸುಭೇದಾರ, ಕಿಲ್ಲೇದಾರರ ಮಾತು ಉತ್ತರ ಕರ್ನಾಟಕದ ವಾಚಕನಿಗೆ ಪರದೇಶದ್ದಾಗಿರಲಿಲ್ಲ. ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರಿಗೆ ಯಾವ ವಾಕ್ಯ ಎಲ್ಲಿಯವರೆಗೆ ನಡೆದೀತೆಂಬ ಅಂದಾಜು ಇದ್ದೇ ಇದ್ದಿರಬೇಕು.

ಕನ್ನಡದಿಂದ ಹೊರಗೆ ಹೋಗುವ ದಾರಿಯಲ್ಲೂ ಇದೇ ಪ್ರಶ್ನೆ. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದ ‘ಹಾರ್ಟ್ ಲ್ಯಾಂಪ್’ನಲ್ಲಿ ದೀಪಾ ಭಾಸ್ತಿಯವರು ಬಾನು ಮುಷ್ತಾಕರ ಮನೆಮಾತಿನ ಶಬ್ದಗಳನ್ನು ಓರೆಯಕ್ಷರವಿಲ್ಲದೆ, ಅಡಿಟಿಪ್ಪಣಿಯಿಲ್ಲದೆ ಹಾಗೆಯೇ ಉಳಿಸಿದ್ದಾರೆ. ಬಹುಮಾನದ 50,000 ಪೌಂಡು ಲೇಖಕಿಗೂ ಅನುವಾದಕಿಗೂ ಸಮಪಾಲು. ಸಂತೋಷದ ಸುದ್ದಿ. ಅದೇ ಉತ್ಸಾಹ ತಮಿಳು, ಮಲಯಾಳ, ಮರಾಠಿಗಳ ಕಡೆಗೂ ಹರಿಯಬಾರದೇಕೆ? ಬೆಂಗಳೂರಿನ ಬ್ಯಾಂಕುಗಳಲ್ಲಿ, ಆಸ್ಪತ್ರೆಗಳಲ್ಲಿ, ಕಾರ್ಖಾನೆಗಳಲ್ಲಿ ದಿನಕ್ಕೆ ಮೂರು ಭಾಷೆ ಆಡಿ ಸಂಜೆ ಮನೆಗೆ ಹೋಗುವವರು ಎಷ್ಟೋ ಮಂದಿ ಇದ್ದಾರೆ. ನಮ್ಮ ಪ್ರಕಾಶಕರು ಅವರ ಬಾಗಿಲನ್ನು ಒಮ್ಮೆಯಾದರೂ ತಟ್ಟಿ ನೋಡಲಿ.