ಬಣ್ಣ ಹಚ್ಚದ ಚಿತ್ರದ ಬಣ್ಣಗಳು

ರಾಮನ್ ಸೂಕ್ಷ್ಮದರ್ಶನದ ಕೀರ್ತಿ ನಿಂತಿರುವುದು ಒಂದೇ ಮಾತಿನ ಮೇಲೆ: ಜೀವಕೋಶಕ್ಕೆ ಯಾವ ಬಣ್ಣವನ್ನೂ ಹಚ್ಚದೆ, ಲೇಸರ್ ಬೆಳಕನ್ನಷ್ಟೇ ಹಾಯಿಸಿ, ಅದರ ರಾಸಾಯನಿಕ ರಚನೆಯನ್ನು ಇದ್ದಂತೆಯೇ ತೋರಿಸಬಹುದು ಎಂಬುದು. 1928ರ ಕಲ್ಕತ್ತೆಯ ಶೋಧವನ್ನು ಇಲ್ಲಿ ಮತ್ತೆ ಹೇಳಬೇಕಿಲ್ಲ. ಪ್ರತಿ ಫೆಬ್ರವರಿ 28ರಂದು ಆ ಕೆಲಸ ಧಾರಾಳವಾಗಿಯೇ ನಡೆಯುತ್ತದೆ. ಅಣುಗಳ ಕಂಪನದಿಂದ ತರಂಗಾಂತರ ಬದಲಾಗಿ ಚದುರಿದ ಬೆಳಕನ್ನು ಬಿಡಿಸಿಟ್ಟ ದಾಖಲೆಯೇ ರೋಹಿತ, ಅದರಲ್ಲಿ ಏಳುವ ಶೃಂಗಗಳು ಬಂಧಗಳ ಗುರುತು. ಪ್ರಶ್ನೆಯಿರುವುದು ರೋಹಿತದಲ್ಲಲ್ಲ, ಅದು ಚಿತ್ರವಾಗುವ ಹಾದಿಯಲ್ಲಿ.

‘ಪ್ರೋಟೀನು’ ಎಂಬ ಹೆಸರಿನಡಿ ಅಚ್ಚಾಗುವ ನಕ್ಷೆಗಳಲ್ಲಿ ಹಲವು 1655 ತರಂಗಸಂಖ್ಯೆಯ, ಅಂದರೆ ಸೆಂಟಿಮೀಟರಿಗೆ ಇಷ್ಟು ಅಲೆಗಳೆಂಬ ಎಣಿಕೆಯ, ಸುತ್ತಣ ಶೃಂಗದಿಂದ ಮೂಡಿದವು. ಪ್ರೋಟೀನಿನ ಪೆಪ್ಟೈಡ್ ಬಂಧ ಅಲ್ಲಿ ಕಂಪಿಸುವುದು ನಿಜವಾದರೂ, ಅಪರ್ಯಾಪ್ತ ಕೊಬ್ಬಿನ ಇಂಗಾಲದ ಜೋಡಿಬಂಧವೂ ಅಲ್ಲಿಯೇ ಕಂಪಿಸುವುದರಿಂದ, ಕೊಬ್ಬಿನ ಹನಿಯೊಂದು ಆ ನಕ್ಷೆಯಲ್ಲಿ ಪ್ರೋಟೀನಿನ ಮುದ್ದೆಯಾಗಿ ಬೆಳಗಬಲ್ಲದು. ಶೃಂಗದ ಎತ್ತರವನ್ನು ಅಳೆಯುವ ಮೊದಲೇ ಪ್ರತಿದೀಪ್ತಿಯನ್ನು, ಎಂದರೆ ಕೋಶದ ಅಣುಗಳು ಲೇಸರನ್ನು ಹೀರಿ ತಾವೇ ಸೂಸುವ ಬೆಳಕನ್ನು, ಕಳೆಯಬೇಕಾಗುತ್ತದೆ. ಅದಕ್ಕಾಗಿ ಗಣಕವು ರೋಹಿತದ ಅಡಿಯಲ್ಲಿ ಒಂದು ನಯವಾದ ವಕ್ರರೇಖೆಯನ್ನು ಎಳೆಯುತ್ತದೆ, ಆ ರೇಖೆ ಎಷ್ಟು ಬಾಗಬೇಕೆಂಬುದನ್ನು ಸಂಶೋಧಕರೇ ಆರಿಸುತ್ತಾರೆ. ಹೆಚ್ಚು ಬಾಗಿದರೆ ಅಗಲವಾದ ಶೃಂಗದ ಬುಡವೇ ಹಿನ್ನೆಲೆಯಲ್ಲಿ ಕಳೆದುಹೋಗುತ್ತದೆ. ಕಡಿಮೆ ಬಾಗಿದರೆ ಹಿನ್ನೆಲೆಯೂ ಪ್ರೋಟೀನಿನ ಲೆಕ್ಕಕ್ಕೆ ಸೇರುತ್ತದೆ. 532 ನ್ಯಾನೊಮೀಟರಿನ ಹಸಿರು ಲೇಸರಿನ ಬದಲು 785ರದನ್ನು ಬಳಸಿದರೆ ಪ್ರತಿದೀಪ್ತಿ ತಗ್ಗುತ್ತದೆ, ಜೊತೆಗೆ ರಾಮನ್ ಚದುರಿಕೆಯೂ ಸುಮಾರು ಐದನೇ ಒಂದು ಪಾಲಿಗೆ ಇಳಿಯುತ್ತದೆ. ಕೋಶಕ್ಕೆ ಹಚ್ಚದ ಬಣ್ಣವನ್ನು ಕೊನೆಗೆ ಲೆಕ್ಕಾಚಾರದಲ್ಲಿ ಹಚ್ಚಿದಂತಾಯಿತು. ಮೂಳೆಯ ಫಾಸ್ಫೇಟು 960ರಲ್ಲಿ ಎಬ್ಬಿಸುವ ಚೂಪಾದ ಶೃಂಗದಂಥ ಕಡೆ ಈ ಆಕ್ಷೇಪಕ್ಕೆ ಬಲ ಕಡಿಮೆ ಎಂಬುದನ್ನು ಒಪ್ಪಬೇಕು.

ಈ ವಿಧಾನದ ದೋಷವೆಲ್ಲ ಅದರ ನಿಧಾನಗತಿಯಲ್ಲಿದೆ ಎಂದು ವಾದಿಸುವ ವಿಮರ್ಶಕರು ತಪ್ಪಾದ ಬಾಗಿಲನ್ನು ತಟ್ಟುತ್ತಿದ್ದಾರೆ. ಅವರು ಮದ್ದೆಂದು ಮುಂದಿಡುವುದು, ಎರಡು ಲೇಸರುಗಳ ಕಂಪನಾಂಕದ ಅಂತರವನ್ನು ಅಣುವಿನ ಕಂಪನಕ್ಕೆ ಹೊಂದಿಸಿ ಸಂಕೇತವನ್ನು ಬಲಪಡಿಸುವ ಪ್ರಚೋದಿತ ರಾಮನ್ ವಿಧಾನವನ್ನು. 2008ರಲ್ಲಿ ಸೂಕ್ಷ್ಮದರ್ಶನಕ್ಕೆ ಬಂದ ಅದು ಪ್ರತಿದೀಪ್ತಿಯ ಕಾಟವನ್ನು ಬಹುಮಟ್ಟಿಗೆ ನೀಗಿಸಿ, ವೇಗವನ್ನೂ ತಂದಿತು, ಸಂದೇಹವಿಲ್ಲ. ಆದರೆ ಅದರ ಹೆಸರಾಂತ ಚಿತ್ರಗಳು ಬಹಳಷ್ಟು 2800ರಿಂದ 3000ದ ನಡುವಣವು, ಅಲ್ಲಿಯಾದರೋ ಕೊಬ್ಬು ಮತ್ತು ಪ್ರೋಟೀನುಗಳ ಶೃಂಗಗಳು ಇನ್ನೂ ಗಾಢವಾಗಿ ಒಂದರ ಮೇಲೊಂದು ಬೀಳುತ್ತವೆ. ಗೊಂದಲವನ್ನು ವೇಗವಾಗಿ ಚಿತ್ರಿಸಿದ ಮಾತ್ರಕ್ಕೆ ಅದು ಬಗೆಹರಿಯುವುದಿಲ್ಲ. ನಿಖರತೆ ಬೇಕಾದಾಗ ಇದೇ ಪಂಥದವರು ಕೋಶದ ಸ್ವಂತ ಶೃಂಗಗಳು ಬಹುತೇಕ ಇಲ್ಲದ 1800–2800ರ ಮೌನವಲಯಕ್ಕೆ ಹೋಗಿ, ಆಲ್ಕೈನ್ ಅಥವಾ ಡ್ಯೂಟೀರಿಯಂ ಸೇರಿಸಿದ ಅಣುಗಳನ್ನು ಕೋಶಕ್ಕೆ ಉಣಿಸುತ್ತಾರೆ. ಗುರುತು ಅಂಟಿಸದ ವಿಧಾನವೆಂಬ ಬಿರುದನ್ನು ಮಾತ್ರ ತಮ್ಮ ಮುನ್ನುಡಿಗಳಲ್ಲಿ ಹಾಗೆಯೇ ಉಳಿಸಿಕೊಂಡಿರುತ್ತಾರೆ.