ಹುಣಸೆಹುಳಿಗಿಂತ ಮೊದಲು ಭೂತಗನ್ನಡಿ

ಹಳೆಯ ಬೆಳ್ಳಿ ನಾಣ್ಯದ ಮೇಲೆ ಹಸಿರು ಕಂಡರೆ ನಮ್ಮ ಕಡೆ ಎರಡು ಮಾತು ತಪ್ಪದೆ ಕೇಳಿಬರುತ್ತವೆ. ಒಂದು, ‘ಇದು ಬೆಳ್ಳಿ ಅಲ್ಲ, ಖೊಟ್ಟಿ ಅದ.’ ಇನ್ನೊಂದು, ‘ಹುಣಸೆಹುಳಿ ಹಚ್ಚಿ ತಿಕ್ಕು, ಹೊಳೀತದ.’ ಮೊದಲನೆಯದು ಅವಸರದ ತೀರ್ಪು, ಎರಡನೆಯದು ಅವಸರದ ಮದ್ದು. ಕಿಲುಬು ಯಾವುದೆಂದು ಗುರುತಿಸುವ ತನಕ ಅದರ ಮೇಲೆ ಕೈಮಾಡಬಾರದು ಎಂಬುದು ನನ್ನ ಗಟ್ಟಿ ನಂಬಿಕೆ.

ಕಿತ್ತೂರಿನ ಹತ್ತಿರದ ದೇಗಾಂವದಲ್ಲಿ ಕಮಲನಾರಾಯಣ ಗುಡಿ ಇದೆ. ಗೋವೆಯ ಕದಂಬ ದೊರೆ ಶಿವಚಿತ್ತ ಪೆರ್ಮಾಡಿಯ ರಾಣಿ ಕಮಲಾದೇವಿ 12ನೇ ಶತಮಾನದಲ್ಲಿ ಅದನ್ನು ಕಟ್ಟಿಸಿದಳು. ಅಲ್ಲಿಯ ಶಾಸನದ ಒಕ್ಕಣೆ ಕನ್ನಡ ಲಿಪಿಯಲ್ಲೂ ಇದೆ, ನಾಗರಿಯಲ್ಲೂ ಇದೆ. ಆ ಮನೆತನದ ಸಿಂಹಲಾಂಛನದ ಹೆಸರಾದ ನಾಣ್ಯಗಳು ಬಂಗಾರದವು. ಒಳ್ಳೆಯ ಬಂಗಾರ ಎಷ್ಟು ಕಾಲ ಮಣ್ಣಲ್ಲಿದ್ದರೂ ಬಣ್ಣಗೆಡದು. ಬೆಳ್ಳಿಯ ಪಾಡು ಹಾಗಲ್ಲ. ದೇಗಾಂವದ ಕಲ್ಲಿನಂತೆ ಹಳೆಯ ಬೆಳ್ಳಿ ನಾಣ್ಯದ ಮೇಲೂ ಎರಡು ಬರಹಗಳಿರುತ್ತವೆ: ಟಂಕಸಾಲೆ ಒತ್ತಿದ್ದು ಒಂದು, ಮಣ್ಣು ಬರೆದದ್ದು ಇನ್ನೊಂದು. ಆ ಎರಡನೆಯದನ್ನು ನಾವು ಕೊಳೆಯೆಂದು ಓದುತ್ತಿದ್ದೇವೆ.

‘ಖೊಟ್ಟಿ’ ಎಂಬ ಮಾತನ್ನು ಮೊದಲು ನೋಡೋಣ. ಅಚ್ಚ ಬೆಳ್ಳಿ ಮೆತ್ತಗೆ, ಚಲಾವಣೆಗೆ ತಾಳದು. ಅದಕ್ಕೇ ತಾಮ್ರ ಬೆರೆಸುತ್ತಿದ್ದರು. ಬೆಳ್ಳಿಯ ಪಣದಲ್ಲಿ ಕಾಲುಭಾಗ ತಾಮ್ರವಿರಬೇಕೆಂದು ಕೌಟಿಲ್ಯನ ಅರ್ಥಶಾಸ್ತ್ರವೇ ವಿಧಿಸುತ್ತದೆ. ವಿಕ್ಟೋರಿಯಾ ರಾಣಿಯ ರೂಪಾಯಿಯಲ್ಲಿ ಕೂಡ ಹನ್ನೆರಡರಲ್ಲಿ ಒಂದು ಪಾಲು ಬೆಳ್ಳಿಯಲ್ಲ. ಮಣ್ಣಿನ ತೇವ ಮೊದಲು ಹಿಡಿಯುವುದು ಈ ತಾಮ್ರವನ್ನೇ. ಅದು ಕರಗಿ ಹೊರಬಂದು ಮೇಲೆ ಹಸಿರಾಗಿ ಕೂಡುತ್ತದೆ. ಆದ್ದರಿಂದ ಹಸಿರು ಕಂಡಷ್ಟಕ್ಕೇ ಮೋಸವೆನ್ನಲಾಗದು. ಮೋಸದ ಗುರುತು ಬೇರೆ: ಒಳಗೆ ತಾಮ್ರದ ಬಿಲ್ಲೆ ಇಟ್ಟು ಮೇಲೆ ಬೆಳ್ಳಿ ಹೊದಿಸಿದ ನಾಣ್ಯದಲ್ಲಿ, ಹೊದಿಕೆ ಒಡೆದ ಅಂಚಿನಲ್ಲೋ ಸವೆದ ಉಬ್ಬಿನಲ್ಲೋ ಕಿಲುಬು ಒಳಗಿನಿಂದ ಉಕ್ಕಿ ಬಂದಂತೆ ಕಾಣುತ್ತದೆ.

ಇನ್ನು ಹಸಿರು ಎಂದರೆ ಒಂದೇ ಹಸಿರಲ್ಲ. ಕಡುಹಸಿರಾಗಿ, ಗಟ್ಟಿಯಾಗಿ, ಹಲ್ಲುಕಡ್ಡಿಯಿಂದ ಕೆದರಿದರೂ ಕದಲದೆ ಕೂತಿದ್ದರೆ ಅದು ಬಹುಮಟ್ಟಿಗೆ ಮ್ಯಾಲಕೈಟ್, ಅಂದರೆ ತಾಮ್ರದ ಕಾರ್ಬೊನೇಟ್. ಅದರಿಂದ ನಾಣ್ಯಕ್ಕೆ ಅಪಾಯವಿಲ್ಲ. ತಿಳಿಹಸಿರಾಗಿ ಪುಡಿಪುಡಿಯಾಗಿದ್ದು, ಒರೆಸಿದರೂ ಮಳೆಗಾಲದ ತೇವಕ್ಕೆ ಮತ್ತೆ ಏಳುತ್ತಿದ್ದರೆ ಅದು ಕ್ಲೋರೈಡಿನ ಕಾಟ. ತಾಮ್ರ ಹೆಚ್ಚಿರುವ ನಾಣ್ಯದಲ್ಲಿ ಇದು ನಿಜವಾದ ರೋಗ, ಒಳಗೊಳಗೇ ತಿನ್ನುತ್ತದೆ. ಜಿಗಿಜಿಗಿಯಾಗಿ ಎಣ್ಣೆಯಂತೆ ಅಂಟಿದ್ದರೆ ತಪ್ಪು ಮಣ್ಣಿನದಲ್ಲ, ನಮ್ಮದು: ಪಿವಿಸಿ ಪ್ಲಾಸ್ಟಿಕ್ಕಿನ ಆಲ್ಬಂ ಬಿಟ್ಟ ಆಮ್ಲದ ಕೆಲಸ. ಶುದ್ಧ ಅಸಿಟೋನಿನಲ್ಲಿ ಅದ್ದಿದ ಹತ್ತಿಗೆ ಅದು ಅಂಟಿ ಬರುತ್ತದೆ, ಮ್ಯಾಲಕೈಟ್ ಬರುವುದಿಲ್ಲ. ಒಂದೇ ಮಗ್ಗುಲಿಗೆ ಹಸಿರಿದ್ದರೆ ಪಕ್ಕದ ತಾಮ್ರದ ನಾಣ್ಯವನ್ನೋ ನಿಧಿ ತುಂಬಿಟ್ಟ ತಂಬಿಗೆಯನ್ನೋ ನೆನೆಯಬೇಕು.

ನಮ್ಮ ಪೈಕಿಯ ಅಜ್ಜಿಯೊಬ್ಬರ ಕೊರಳಲ್ಲಿ 1862ರ ರೂಪಾಯಿ ಇತ್ತು. ಹಸಿರು ಇದ್ದದ್ದು ಕೊಂಡಿಯ ಬುಡದಲ್ಲಿ ಮಾತ್ರ, ಬೆರಳುಗುರಿನಷ್ಟು ಅಗಲಕ್ಕೆ. ಪ್ರತಿ ದೀಪಾವಳಿಗೆ ಹುಳಿ ಹಚ್ಚಿ, ಬೂದಿ ಹಾಕಿ ತಿಕ್ಕಿದರು. ರಾಣಿಯ ಕಿರೀಟದ ಗೆರೆ, ಕೂದಲಿನ ಎಳೆ ಎಲ್ಲ ನುಣ್ಣಗಾದವು. ಹಸಿರು ಮಾತ್ರ ಮರುವರ್ಷ ಅಲ್ಲೇ ಇರುತ್ತಿತ್ತು. ಅದು ನಾಣ್ಯದ್ದಲ್ಲ, ಕೊಂಡಿಯ ಬೆಸುಗೆಯಲ್ಲಿದ್ದ ತಾಮ್ರದ್ದು. ಇದನ್ನು ಹೇಳಿದವರು ಊರಿನ ಪತ್ತಾರರೇ, ಒಮ್ಮೆ ಕಣ್ಣಿಗೆ ಭೂತಗನ್ನಡಿ ಏರಿಸಿ ನೋಡಿ.

ಅದಕ್ಕೇ ಪತ್ತಾರರ ಕಣ್ಣಿಗೆ ನಾನು ದೊಡ್ಡ ಬೆಲೆ ಕೊಡುತ್ತೇನೆ. ಹುಣಸೆಹುಳಿಯೂ ತನ್ನ ಜಾಗದಲ್ಲಿ ಒಳ್ಳೆಯದೇ. ತಾಮ್ರದ ಕೊಡಕ್ಕೆ ಅದರಂಥ ಮದ್ದಿಲ್ಲ. ಆದರೆ ನೆಲದಿಂದ ಬಂದ ನಾಣ್ಯದ ಒಳಗೆ ತಾಮ್ರ ಕರಗಿಹೋಗಿ ಬೆಳ್ಳಿ ಜೊಳ್ಳಾಗಿರುತ್ತದೆ. ಹುಳಿ ಆ ಸಂದುಗಳಿಗೂ ಇಳಿದು ಉಳಿದ ತಾಮ್ರವನ್ನೂ ಎಳೆಯುತ್ತದೆ. ಆಮೇಲೆ ನಾಣ್ಯ ಹಪ್ಪಳದಂತೆ ಮುರಿಯಬಹುದು. ಬೆಳ್ಳಿ ಎಷ್ಟಿದೆಯೆಂದು ಅಳೆಯುವ ಅಂಗಡಿಯ ಎಕ್ಸ್-ರೇ ಯಂತ್ರವನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಅದು ಓದುವುದು ಮೇಲ್ಪದರವನ್ನಷ್ಟೇ. ತಾಮ್ರ ಹೊರಟುಹೋದ ಮೈ ಇದ್ದದ್ದಕ್ಕಿಂತ ಹೆಚ್ಚು ಬೆಳ್ಳಿ ತೋರಿಸುತ್ತದೆ. ಯಂತ್ರ ಯಾವ ಲೋಹವೆಂದು ಹೇಳುತ್ತದೆಯೇ ಹೊರತು ಯಾವ ಕಿಲುಬೆಂದು ಹೇಳದು. ಕಿಲುಬಿನ ಹೆಸರು ಬೇಕಾದರೆ ಎಕ್ಸ್-ರೇ ಡಿಫ್ರಾಕ್ಷನ್‌ನಂಥ ಪ್ರಯೋಗಾಲಯದ ಪರೀಕ್ಷೆ ಬೇಕು.

ಹೊಲ ಉಳುವಾಗ ಸಿಕ್ಕ ನಾಣ್ಯವಾದರೆ ತೊಳೆಯಲೇಬಾರದು. ಅಂಟಿದ ಮಣ್ಣಿನ ಸಮೇತ, ಸಿಕ್ಕ ಜಾಗ ಬರೆದಿಟ್ಟು, ಸರ್ಕಾರಕ್ಕೆ ತಿಳಿಸಬೇಕು. 1962ರ ಕರ್ನಾಟಕದ ನಿಧಿ ಕಾಯ್ದೆ ಕೇಳುವುದೂ ಅದನ್ನೇ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮನ್ ದೊರೆಗಳ ಬೆಳ್ಳಿ ದಿನಾರಿಗಳು ಉತ್ಖನನದಲ್ಲಿ ಸಿಕ್ಕಾಗ ಅವು ಯಾವ ಪದರದಲ್ಲಿ, ಯಾವುದರ ಜೊತೆ ಇದ್ದವು ಎಂಬುದರಿಂದಲೇ ಆ ಊರಿನ ಕಾಲನಿರ್ಣಯಕ್ಕೆ ಬಲ ಬಂತು. ಒಂಟಿ ನಾಣ್ಯಕ್ಕೆ ಅಂಥ ಪದರ ಇಲ್ಲ. ಅದು ತಾಮ್ರದ ತಂಬಿಗೆಯಲ್ಲಿತ್ತೋ, ಜವುಳು ನೆಲದಲ್ಲಿತ್ತೋ ಎಂದು ಹೇಳಲು ಮೈಮೇಲಿನ ಹಸಿರೊಂದೇ ಸಾಕ್ಷಿ.

ಟಂಕಸಾಲೆಯ ಅಚ್ಚು ಸಾವಿರಾರು ನಾಣ್ಯಗಳ ಮೇಲೆ ಬಿದ್ದಿರುತ್ತದೆ. ಒಂದರಲ್ಲಿ ಅಳಿದರೆ ಇನ್ನೊಂದರಲ್ಲಿ ಓದಬಹುದು. ಮಣ್ಣಿನ ಬರಹಕ್ಕೆ ಎರಡನೆಯ ಪ್ರತಿ ಇಲ್ಲ.